ಅಜ್ಜಿಯ ಭಾವಚಿತ್ರ ಬರೆಸಬೇಕು: ಫೋಟೊ ಕೊಟ್ಟರೆ ಸಾಕಾ, ಎದುರಿಗೆ ಕೂರಿಸಬೇಕಾ?

ಪಾಂಡವಪುರದ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ನಮ್ಮಜ್ಜಿ ಪಾಂಡವಪುರದ ಹತ್ತಿರ ಹಳ್ಳಿಯಲ್ಲಿದ್ದಾರೆ. ಎಂಬತ್ತು ದಾಟಿದೆ, ಆದರೂ ಗಟ್ಟಿಮುಟ್ಟಾಗಿದ್ದಾರೆ. ಅವರದೊಂದು ಆಯಿಲ್ ಪೇಂಟಿಂಗ್ ಬರೆಸಬೇಕು ಅಂತ ಮೊಮ್ಮಕ್ಕಳೆಲ್ಲ ಸೇರಿ ದುಡ್ಡು ಕೂಡಿಸಿದ್ದೇವೆ.

ಇಬ್ಬರು ಕಲಾವಿದರನ್ನು ಕೇಳಿದೆ. ಒಬ್ಬರು "ಒಳ್ಳೆ ಫೋಟೊ ವಾಟ್ಸಾಪ್ ಮಾಡಿ, ಸಾಕು" ಅಂದರು. ಇನ್ನೊಬ್ಬರು "ಅಜ್ಜಿ ಎದುರಿಗೆ ಕೂರಬೇಕು, ಕೆಲವು ದಿನ ಬೆಳಗಿನ ಹೊತ್ತು ಬೇಕು" ಅಂದರು. ಎರಡನೆಯವರು ದುಡ್ಡೂ ಜಾಸ್ತಿ ಹೇಳಿದರು. ಮನೆಯಲ್ಲಿ ಎರಡು ಪಕ್ಷ ಆಗಿದೆ. ಚಿಕ್ಕಪ್ಪನಿಗೆ ಅಜ್ಜಿಯನ್ನು ಯಾಕೆ ಸುಮ್ನೆ ದಣಿಸಬೇಕು ಅಂತ.

ನನಗೆ ಒಂದು ಭಯ ಇದೆ. ನಮ್ಮ ನಡುಮನೆಯಲ್ಲಿ ತಾತನ ಫೋಟೊ ಇದೆ. ತಾತ ತೀರಿಕೊಂಡ ಮೇಲೆ ಯಾವುದೋ ಮದುವೆಯ ಗ್ರೂಪ್ ಫೋಟೊದಿಂದ ಮುಖ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಸ್ಟುಡಿಯೋದವರು ಅದಕ್ಕೊಂದು ಕೋಟು ಹಾಕಿಸಿದ್ದಾರೆ. ತಾತ ಜನ್ಮದಲ್ಲಿ ಕೋಟು ತೊಟ್ಟವರಲ್ಲ. ಅಜ್ಜಿಯ ಹಣೆ ಮೇಲೆ, ಗಲ್ಲದ ಮೇಲೆ ಹಚ್ಚೆ ಇದೆ. ಹೋದ ಸಲ ಫೋಟೊ ತೆಗೆಸಿದಾಗ ಅದನ್ನು ಕಲೆ ಅಂದುಕೊಂಡು ಕಂಪ್ಯೂಟರ್‌ನಲ್ಲಿ ಒರೆಸಿಬಿಟ್ಟರು, ಮುಖವನ್ನೂ ಬೆಳ್ಳಗೆ ಮಾಡಿದರು. ಅಜ್ಜಿ ಆ ಫೋಟೊ ನೋಡಿ "ಇವಳ್ಯಾರು?" ಅಂದರು.

ಗೊತ್ತಿರುವವರು ದಯವಿಟ್ಟು ಹೇಳಿ.

ಸಯ್ಯಾಜಿರಾವ್ ರಸ್ತೆ:

ಮೇಡಂ, ನಾನು ಫೋಟೊಗ್ರಾಫರ್. ನಮ್ಮ ಕಸುಬಿನವರು ಹಚ್ಚೆ ಒರೆಸಿದ್ದು ಓದಿ ಬೇಜಾರಾಯಿತು. ಆದರೆ ಅದು ಫೋಟೊದ ತಪ್ಪಲ್ಲ, ಫೋಟೊ ಆದಮೇಲೆ ಕೈ ಹಾಕಿದವರ ತಪ್ಪು. ಮೈಸೂರಿನವರೇ ಆದ ಟಿ. ಎಸ್. ಸತ್ಯನ್ ಅವರು ತೆಗೆದ ಜನಸಾಮಾನ್ಯರ ಚಿತ್ರಗಳನ್ನು ನೋಡಿ. ಬರೀ ಕಪ್ಪು ಬಿಳುಪು. ಒಂದೊಂದು ಮುಖವೂ ಬದುಕಿದೆ.

ಫೋಟೊ ಕೊಟ್ಟೇ ಬರೆಸುವುದಾದರೆ ಮೊಬೈಲನ್ನು ಮುಖದ ಹತ್ತಿರ ಹಿಡಿಯಬೇಡಿ. ಹತ್ತಿರದಿಂದ ತೆಗೆದರೆ ಮೂಗು ದಪ್ಪ ಆಗುತ್ತದೆ, ಕಿವಿ ಹಿಂದಕ್ಕೆ ಹೋಗಿ ಚಿಕ್ಕದಾಗುತ್ತದೆ. ಕಲಾವಿದರು ಅದನ್ನೇ ನಂಬಿ ಬರೆದರೆ ಮುಗಿಯಿತು. ಆರೇಳು ಅಡಿ ದೂರ ನಿಂತು ಎರಡು ಪಟ್ಟು ಝೂಮ್ ಮಾಡಿ. ಬ್ಯೂಟಿ ಫಿಲ್ಟರ್ ತೆಗೆದುಹಾಕಿ. ಫ್ಲ್ಯಾಶ್ ಬೇಡ. ಬಾಗಿಲ ಪಕ್ಕ ಕೂರಿಸಿ, ಒಂದು ಕಡೆಯಿಂದ ಬೆಳಕು ಬರಲಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ.

ಬಣ್ಣದ ಡಬ್ಬಿ:

ನಾನು ಕಾವಾದಲ್ಲಿ, ಅಂದರೆ ಮೈಸೂರಿನ ಕಲಾ ಕಾಲೇಜಿನಲ್ಲಿ, ಕಲಿತವನು. ಹೊಟ್ಟೆಪಾಡಿಗೆ ಪೋರ್ಟ್ರೇಟ್ ಬರೆಯುತ್ತೇನೆ. ಫೋಟೊ ನೋಡಿಯೂ ಬರೆಯುತ್ತೇನೆ, ತೀರಿಕೊಂಡವರದ್ದಾದರೆ ಬೇರೆ ದಾರಿ ಇಲ್ಲ. ಆದರೆ ನಿಮ್ಮಜ್ಜಿ ಇದ್ದಾರೆ. ಕೂರಲು ಆಗುತ್ತದೆ ಅಂತ ನೀವೇ ಹೇಳುತ್ತಿದ್ದೀರಿ. ದಯವಿಟ್ಟು ಕೂರಿಸಿ.

ಯಾಕೆ ಅಂತ ಹೇಳುತ್ತೇನೆ. ಯಾರೇ ಆದರೂ ಎದುರಿಗೆ ಬಂದು ಕೂತ ಕೂಡಲೇ ಒಂದು "ಫೋಟೊ ಮುಖ" ಮಾಡುತ್ತಾರೆ. ಕತ್ತು ಬಿಗಿ, ತುಟಿ ಬಿಗಿ, ಭುಜ ಮೇಲೆ. ಕ್ಯಾಮೆರಾ ಹಿಡಿಯುವುದು ಸಾಮಾನ್ಯವಾಗಿ ಅದನ್ನೇ. ಅರ್ಧ ಗಂಟೆ ಕಳೆಯಲಿ. ಮಾತು ಶುರುವಾಗುತ್ತದೆ. ಭುಜ ಇಳಿಯುತ್ತದೆ. ಕತ್ತು ತನ್ನ ಅಭ್ಯಾಸದ ಕಡೆಗೆ ಸ್ವಲ್ಪ ವಾಲುತ್ತದೆ. ಒಂದು ಕೈ ಇನ್ನೊಂದು ಕೈಯನ್ನು ಹುಡುಕಿಕೊಂಡು ಹೋಗುತ್ತದೆ. ಮನೆಯವರು ಚಿತ್ರ ನೋಡಿ "ಹೌದು, ಇದು ಅಮ್ಮನೇ" ಅನ್ನುವುದು ಆ ವಾಲಿಕೆ ನೋಡಿಯೇ. ಕಣ್ಣು ಮೂಗಿನ ಅಳತೆ ಎರಡನೇ ಮಾತು.

ಇಂಗ್ಲೆಂಡಿನ ಕಲಾವಿದ ಲೂಸಿಯನ್ ಫ್ರಾಯ್ಡ್ ಹೀಗೆ ಬಹಳ ಹೊತ್ತು ಕೂರಿಸಿ ಬರೆಯುವುದಕ್ಕೆ ಹೆಸರಾದವರು. ಇನ್ನೊಬ್ಬ ಕಲಾವಿದ ಡೇವಿಡ್ ಹಾಕ್ನಿ ಅವರ ಚಿತ್ರ ಬರೆಯುವಾಗ ನೂರು ಗಂಟೆಗೂ ಮೀರಿ ಕೂರಿಸಿದ್ದರು. ಬ್ರಿಟನ್ನಿನ ರಾಣಿ ಎಲಿಜಬೆತ್ ಅವರನ್ನೂ ಕೂರಿಸಿಯೇ ಬರೆದರು, 2000 ಮತ್ತು 2001ರಲ್ಲಿ. ಅಷ್ಟು ಕೂರಿಸಿ ಬರೆದ ಆ ಚಿತ್ರ ಒಂದು ನೋಟ್‌ಬುಕ್‌ನಷ್ಟು ಚಿಕ್ಕದು. ಹಾಕ್ನಿ ದಾರಿ ಬೇರೆ. ಅವರು ಒಂದೇ ಕುರ್ಚಿಯಲ್ಲಿ ಒಬ್ಬೊಬ್ಬರನ್ನೇ ಸುಮಾರು ಮೂರು ದಿನ ಕೂರಿಸಿ 82 ಭಾವಚಿತ್ರ ಬರೆದರು. 2016ರಲ್ಲಿ ಲಂಡನ್ನಿನಲ್ಲಿ ಅವೆಲ್ಲ ಪ್ರದರ್ಶನ ಆದವು. ಕುರ್ಚಿ ಒಂದೇ, ಕೂತವರು ಕೂರುವ ಬಗೆ ಮಾತ್ರ 82 ತರಹ. ನಾನು ಅವುಗಳ ಕೈಕಾಲುಗಳನ್ನೇ ನೋಡುತ್ತಾ ಕೂರುತ್ತೇನೆ.

ಒಂಟಿಕೊಪ್ಪಲು ಹುಡುಗ:

ಸರ್, ಗೌರವದಿಂದಲೇ ಕೇಳುತ್ತೇನೆ. ಇವತ್ತಿನ ದೊಡ್ಡ ಪೋರ್ಟ್ರೇಟ್ ಕಲಾವಿದರಲ್ಲಿ ಎಷ್ಟೋ ಜನ ಫೋಟೊ ಇಟ್ಟುಕೊಂಡೇ ಬರೆಯುತ್ತಾರಲ್ವಾ? ಒಬಾಮಾ ಚಿತ್ರ ಬರೆದ ಕೆಹಿಂಡೆ ವೈಲಿ, ಮಿಶೆಲ್ ಒಬಾಮಾ ಚಿತ್ರ ಬರೆದ ಏಮಿ ಶೆರಾಲ್ಡ್, ಇಬ್ಬರೂ ಫೋಟೊ ಆಧಾರದ ಮೇಲೇ ಕೆಲಸ ಮಾಡುವವರು. ಆ ಎರಡೂ ಚಿತ್ರ 2018ರಲ್ಲಿ ಬಂದವು. ಜನ ಸಾಲುಗಟ್ಟಿ ನಿಂತು ನೋಡಿದರು.

ಅಮೆರಿಕದ ಕಲಾವಿದ ಚಕ್ ಕ್ಲೋಸ್ ಅವರನ್ನು ತೆಗೆದುಕೊಳ್ಳಿ. ಅವರಿಗೆ ಮುಖ ಗುರುತು ಹಿಡಿಯಲು ಆಗದ ತೊಂದರೆ ಇತ್ತು. ಎದುರಿಗೆ ಅಲ್ಲಾಡುವ ಮುಖ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಚಪ್ಪಟೆ ಫೋಟೊ ಆದರೆ ಉಳಿಯುತ್ತಿತ್ತು. ಫೋಟೊ ಮೇಲೆ ಚೌಕ ಎಳೆದು ಒಂದೊಂದೇ ಚೌಕ ತುಂಬಿಸಿ ಗೋಡೆಯಷ್ಟು ದೊಡ್ಡ ಮುಖಗಳನ್ನು ಮಾಡಿದರು. ಅವರಿಗೆ ಫೋಟೊ ಇಲ್ಲದಿದ್ದರೆ ಕಲೆಯೇ ಇಲ್ಲ.

ಅಷ್ಟು ದೂರ ಯಾಕೆ, ನಮ್ಮ ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿರುವ ದಸರಾ ಮೆರವಣಿಗೆ ಚಿತ್ರಗಳೂ ಫೋಟೊ ನೋಡಿಯೇ ಬರೆದದ್ದು.

ಅಗ್ರಹಾರದ ಓದುಗ:

ಮೆರವಣಿಗೆ ಚಿತ್ರದ ಮಾತು ಬಂದದ್ದು ಖುಷಿಯಾಯಿತು. ಅಲ್ಲಿ ಹೋದವರೆಲ್ಲ ತಲೆ ಎತ್ತಿ ನವಿಲಿನ ಗಾಜು ನೋಡಿ ಮುಂದೆ ಹೋಗಿಬಿಡುತ್ತಾರೆ. ಗೋಡೆಯಲ್ಲಿ 26 ಫಲಕಗಳಿವೆ. 1934ರಿಂದ 1945ರವರೆಗೆ ಆಸ್ಥಾನದ ಕಲಾವಿದರು ಬರೆದದ್ದು. ವೈ. ನಾಗರಾಜು, ಎಸ್. ಶಂಕರರಾಜು, ವೈ. ಸುಬ್ರಹ್ಮಣ್ಯರಾಜು, ಎಸ್. ಎನ್. ಸ್ವಾಮಿ, ಕೇಶವಯ್ಯ ಮುಂತಾದವರು. ನಾಲ್ವಡಿಯವರ ಕಾಲದ ಮೆರವಣಿಗೆಯ ಫೋಟೊಗಳೇ ಆಧಾರ, ನಿಜ.

ಆದರೆ ಒಂದು ಮಾತು ಸೇರಿಸಬೇಕು. ಆ ಕಲಾವಿದರು ಇದ್ದದ್ದು ಇದೇ ಊರಲ್ಲಿ. ಕುದುರೆ ಮೇಲಿದ್ದವರು, ಬ್ಯಾಂಡಿನವರು, ಪೇಟ ಕಟ್ಟಿ ನಿಂತವರು, ಇವರೆಲ್ಲ ಅವರು ದಿನಾ ನೋಡುವ ಊರಿನ ಜನ. ಮುಂದಿನ ಸಲ ಹೋದಾಗ ಆನೆ, ಅಂಬಾರಿ ಬಿಟ್ಟು ಪಕ್ಕದಲ್ಲಿ ನಿಂತ ಜನರ ಮುಖ ನೋಡಿ. ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಕನ್ನಡಕದವರಿದ್ದಾರೆ, ಮಗು ಎತ್ತಿಕೊಂಡವರಿದ್ದಾರೆ. ಗುಂಪು ಬರೆಯುವಾಗ ಹತ್ತು ಮುಖ ಸರಿಯಾಗಿ ಬರೆದು ಉಳಿದದ್ದನ್ನು ಚುಕ್ಕೆ ಇಟ್ಟು ಮುಗಿಸುವುದು ಸುಲಭ. ಅವರು ಹಾಗೆ ಮಾಡಲಿಲ್ಲ.

ನನಗೆ ಇದೇ ಗುಣ ನಮ್ಮ ಮೈಸೂರಿನ ಎನ್. ಎಸ್. ಹರ್ಷ ಅವರ ಕೆಲಸದಲ್ಲೂ ಕಾಣುತ್ತದೆ. 1969ರಲ್ಲಿ ಇಲ್ಲೇ ಹುಟ್ಟಿದವರು, ಕಾವಾದಲ್ಲಿ ಕಲಿತು, ಬರೋಡಾಕ್ಕೆ ಹೋಗಿ ಓದಿ, ಮತ್ತೆ ಇಲ್ಲಿಯೇ ಇದ್ದು ಕೆಲಸ ಮಾಡುತ್ತಿರುವವರು. 2008ರಲ್ಲಿ ಬ್ರಿಟನ್ನಿನ ಆರ್ಟಿಸ್ ಮುಂಡಿ ಬಹುಮಾನ ಬಂತು, 2017ರಲ್ಲಿ ಟೋಕಿಯೋದ ಮೋರಿ ಮ್ಯೂಸಿಯಂನಲ್ಲಿ ದೊಡ್ಡ ಪ್ರದರ್ಶನ ಆಯಿತು. ಭಾಷಣ ಕೇಳಲು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತ ಜನರ ಸಾಲು ಸಾಲು ಇರುವ ಅವರ ಆರು ಭಾಗದ ಚಿತ್ರವೊಂದಿದೆ. ಸಾವಿರಾರು ಜನ. ಹತ್ತಿರ ಹೋಗಿ ನೋಡಿದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಸಂಗತಿ. ಯಾರೋ ದೊಡ್ಡ ಮನುಷ್ಯನ ಒಂಟಿ ಮುಖ ಬರೆಯುವುದು ಮಾತ್ರ ಭಾವಚಿತ್ರ ಅಂತ ನಾವು ಅಂದುಕೊಂಡಿದ್ದೇವೆ. ಕುರ್ಚಿ ಮೇಲೆ ಕೂತ ಮಾಮೂಲಿ ಜನಕ್ಕೂ ಅಷ್ಟೇ ಹೊತ್ತು ಕೊಟ್ಟು ಬರೆದರೆ ಅದೂ ಭಾವಚಿತ್ರವೇ.

ಬಣ್ಣದ ಡಬ್ಬಿ:

ಒಂಟಿಕೊಪ್ಪಲಿನವರೇ, ಒಳ್ಳೆ ಪ್ರಶ್ನೆ. ಅರ್ಧ ಉತ್ತರ ಅಗ್ರಹಾರದ ಓದುಗರು ಕೊಟ್ಟರು. ವೈಲಿ, ಶೆರಾಲ್ಡ್ ಇಬ್ಬರೂ ಬರೆಯುವ ಮನುಷ್ಯರನ್ನು ಕಂಡು, ಮಾತಾಡಿಸಿ, ಎಲ್ಲಿ ಕೂರಬೇಕು, ಬೆಳಕು ಹೇಗಿರಬೇಕು ಅಂತ ತಾವೇ ನೋಡಿ ಫೋಟೊ ತೆಗೆಸುವವರು. ಆ ಫೋಟೊ ಅವರ ಸ್ಕೆಚ್ ಇದ್ದ ಹಾಗೆಯೇ. ಯಾರೋ ಎಂದೋ ತೆಗೆದದ್ದನ್ನು ಕಳಿಸಿ "ಇದನ್ನು ಬರೆಯಿರಿ" ಅನ್ನುವುದು ಬೇರೆ.

ಇಂಗ್ಲೆಂಡಿನ ರಾಜ ಚಾರ್ಲ್ಸ್ ಅವರ ಕೆಂಪು ಚಿತ್ರ 2024ರ ಮೇನಲ್ಲಿ ಬಂದು ಗಲಾಟೆ ಆಯಿತಲ್ವಾ, ಜೊನಾಥನ್ ಯೋ ಬರೆದದ್ದು. ರಾಜನಿಗೆ ಪುರುಸೊತ್ತಿಲ್ಲ. ಆದರೂ 2021ರಿಂದ 2023ರ ಮಧ್ಯೆ ನಾಲ್ಕು ಸಲ ಎದುರಿಗೆ ಕೂತರು. ಉಳಿದದ್ದು ಫೋಟೊ, ಸ್ಕೆಚ್ ಇಟ್ಟುಕೊಂಡು ಮುಗಿಸಿದರು.

ಆಸ್ಟ್ರೇಲಿಯಾದಲ್ಲಿ ಆರ್ಚಿಬಾಲ್ಡ್ ಅಂತ ಭಾವಚಿತ್ರಕ್ಕೇ ಮೀಸಲಾದ ಬಹುಮಾನವಿದೆ, 1921ರಿಂದ ನಡೆಯುತ್ತಿದೆ. ಅದರ ನಿಯಮ ನನಗೆ ಬಹಳ ಇಷ್ಟ. ಬರೆಸಿಕೊಳ್ಳುವವರಿಗೆ ಕಲಾವಿದರ ಪರಿಚಯ ಇರಬೇಕು, ತನ್ನ ಚಿತ್ರ ಬರೆಯುತ್ತಿದ್ದಾರೆ ಅಂತ ಗೊತ್ತಿರಬೇಕು, ಒಂದು ಸಲವಾದರೂ ಎದುರಿಗೆ ಕೂತಿರಬೇಕು. ಒಂದೇ ಒಂದು ಸಲ ಸಾಕು. ಆದರೆ ಆ ಒಂದು ಸಲ ಬೇಕೇ ಬೇಕು. ಆಮೇಲೆ ಫೋಟೊ ಬಳಸಿ, ಬಿಡಿ, ಅದು ನಿಮ್ಮಿಷ್ಟ. ನಿಮ್ಮ ಚಿಕ್ಕಪ್ಪನವರಿಗೂ ಇದು ಒಪ್ಪಿಗೆ ಆಗಬಹುದು.

ಮಂಡ್ಯದ ಡ್ರಾಯಿಂಗ್ ಮೇಷ್ಟ್ರು:

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತನಾದವನು. ಮಂಡ್ಯದ ಕಡೆ ಜನರ ಮಾತು ಬೇರೆ ಇರುತ್ತದಪ್ಪ. ದುಡ್ಡು ಕೊಟ್ಟಮೇಲೆ ಅಜ್ಜಿ ಅಜ್ಜಿ ತರಾನೇ ಇರಬೇಕು. ಕೆಂಪು ಬಣ್ಣ ಬಳಿದು ರಾಜನನ್ನು ಮುಳುಗಿಸಿದ ಹಾಗೆ ಮಾಡಿದರೆ ಊರವರು ಒಪ್ಪುವುದಿಲ್ಲ. ಹೊಸ ಕಲಾವಿದರಿಗೆ ಹೋಲಿಕೆ ಅಂದರೆ ಯಾಕೆ ಅಷ್ಟು ಅಲಕ್ಷ್ಯ? ನಾವು ಕಲಿಯುವಾಗ ಹೋಲಿಕೆ ಬರದಿದ್ದರೆ ಗುರುಗಳು ಹಾಳೆ ಹರಿದು ಹಾಕುತ್ತಿದ್ದರು.

ಬಣ್ಣದ ಡಬ್ಬಿ:

ಮೇಷ್ಟ್ರೇ, ಹೋಲಿಕೆ ಬೇಡ ಅನ್ನುವವನು ನಾನಲ್ಲ. ಹೋಲಿಕೆ ಇಲ್ಲದಿದ್ದರೆ ಅಜ್ಜಿಗೆ ಮೋಸ. ಆದರೆ ಹೋಲಿಕೆ ಎಲ್ಲಿ ಕೂತಿದೆ ಅನ್ನುವುದರಲ್ಲಿ ಜಗಳ ಇದೆ, ಹಳೆ ಜಗಳ. ಇದು ಕೋರ್ಟಿಗೂ ಹೋಗಿದೆ. ಅದೇ ಆರ್ಚಿಬಾಲ್ಡ್ ಬಹುಮಾನ, 1943ರ ಸಾಲಿನದು. ವಿಲಿಯಂ ಡೋಬೆಲ್ ಅನ್ನುವವರು ತಮ್ಮ ಗೆಳೆಯ ಜೋಶುವಾ ಸ್ಮಿತ್ ಚಿತ್ರ ಬರೆದರು. ಕತ್ತು ಉದ್ದ, ಕೈ ಉದ್ದ, ಕಿವಿ ದೊಡ್ಡದು. ಬಹುಮಾನ ಬಂತು. ಸೋತ ಇಬ್ಬರು ಕಲಾವಿದರು "ಇದು ಭಾವಚಿತ್ರವೇ ಅಲ್ಲ, ವ್ಯಂಗ್ಯಚಿತ್ರ" ಅಂತ ಕೇಸು ಹಾಕಿದರು. 1944ರಲ್ಲಿ ಕೋರ್ಟು ಡೋಬೆಲ್ ಪರವಾಗಿ ತೀರ್ಪು ಕೊಟ್ಟಿತು. ಅಷ್ಟು ಎಳೆದು ಬರೆದರೂ ಅದು ಆ ಮನುಷ್ಯನ ಚಿತ್ರವೇ ಅಂತ ಒಪ್ಪಿಕೊಂಡ ಹಾಗಾಯಿತು.

ನಿಮ್ಮ ಊರಿನವರ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಚಿತ್ರ ಮುಕ್ಕಾಲು ಆದಾಗ ಮನೆಯವರಿಗೆ ತೋರಿಸಬೇಕು. ಅವರು ಹೇಳುವುದು ಹೆಚ್ಚುಕಮ್ಮಿ ಬಾಯಿಯ ಬಗ್ಗೆಯೇ ಇರುತ್ತದೆ. ತುಟಿಯ ಎರಡು ಕೊನೆಗಳಲ್ಲಿ ಕೂದಲೆಳೆಯಷ್ಟು ಆಚೀಚೆ ಆದರೂ ಮನುಷ್ಯ ಬೇರೆ ಆಗಿಬಿಡುತ್ತಾನೆ. ಜೊತೆಯಲ್ಲಿ ಬಾಳಿದವರಿಗೆ ಅದು ತಟ್ಟನೆ ಗೊತ್ತಾಗುತ್ತದೆ. ನಮಗೆ ಗೊತ್ತಾಗುವುದಿಲ್ಲ.

ಜಯನಗರ ರೈಲ್ವೆ ಗೇಟ್:

ಬಣ್ಣದ ವಿಷಯ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಅಮ್ಮ ಕಪ್ಪು. ಅವರ ಅರವತ್ತಕ್ಕೆ ನಾವು ಚಿತ್ರ ಬರೆಸಿದೆವು. ಬಂದದ್ದು ಗೋಧಿ ಬಣ್ಣದ ಹೆಂಗಸು. "ಸ್ವಲ್ಪ ಫೇರ್ ಮಾಡಿದೀನಿ, ಎಲ್ಲರೂ ಹಾಗೇ ಕೇಳ್ತಾರೆ" ಅಂದರು ಬರೆದವರು. ನಾವು ಕೇಳಿರಲಿಲ್ಲ. ಅಮ್ಮ ಏನೂ ಹೇಳಲಿಲ್ಲ, ಆದರೆ ಆ ಚಿತ್ರವನ್ನು ತಮ್ಮ ಕೋಣೆಯಲ್ಲಿ ಹಾಕಲು ಬಿಡಲಿಲ್ಲ. ಪಾಂಡವಪುರದವರೇ, ಮೊದಲೇ ಬಾಯಿಬಿಟ್ಟು ಹೇಳಿ, ಬಣ್ಣ ಇದ್ದ ಹಾಗೇ ಬೇಕು ಅಂತ.

ಬಣ್ಣದ ಡಬ್ಬಿ:

ಇದು ನನಗೆ ತುಂಬಾ ನೋವು ಕೊಡುವ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ನಮ್ಮಲ್ಲಿ ಎಷ್ಟೋ ಜನ ಚರ್ಮದ ಬಣ್ಣ ಕಲಿಯುವುದು ಯುರೋಪಿನ ಪುಸ್ತಕ ನೋಡಿ. ಬಿಳಿ, ಸ್ವಲ್ಪ ಹಳದಿ, ಸ್ವಲ್ಪ ಕೆಂಪು. ಕಪ್ಪಗಿರುವವರು ಬಂದರೆ ಅದೇ ಮಿಶ್ರಣಕ್ಕೆ ಕಂದು ಅಥವಾ ಕಪ್ಪು ಸೇರಿಸುತ್ತಾರೆ. ಆಗ ಮುಖ ಬೂದಿ ಬಳಿದ ಹಾಗೆ ಸತ್ತುಹೋಗುತ್ತದೆ. ಸತ್ತದ್ದನ್ನು ಎಬ್ಬಿಸಲು ಮತ್ತೆ ಬಿಳಿ ಹಾಕುತ್ತಾರೆ. ಹಾಗೆ ಹಾಗೆ ಅಮ್ಮ ಗೋಧಿ ಬಣ್ಣಕ್ಕೆ ಬರುತ್ತಾರೆ. ಗಿರಾಕಿ ಕೇಳಿದರು ಅನ್ನುವುದು ಅರ್ಧ ಕಾರಣ. ಬರೆಯುವವರಿಗೆ ಕೈ ಹಿಡಿತ ಇಲ್ಲದಿರುವುದು ಇನ್ನರ್ಧ.

ನಾನು ಕಪ್ಪು ಟ್ಯೂಬನ್ನು ಮುಖಕ್ಕೆ ಮುಟ್ಟುವುದಿಲ್ಲ. ಬರ್ನ್ಟ್ ಸಿಯೆನಾ ಅನ್ನುವ ಕೆಂಪು ಕಂದು ಮತ್ತು ಅಲ್ಟ್ರಾಮರೀನ್ ನೀಲಿ ಸೇರಿಸಿದರೆ ಆಳವಾದ ಕಪ್ಪು ಬರುತ್ತದೆ, ಆದರೆ ಅದರೊಳಗೆ ಬಿಸಿ ಇರುತ್ತದೆ. ಸಿಯೆನಾ ಜಾಸ್ತಿ ಮಾಡಿದರೆ ಕೆನ್ನೆ, ನೀಲಿ ಜಾಸ್ತಿ ಮಾಡಿದರೆ ಕಣ್ಣಿನ ಗುಳಿ. ಯೆಲ್ಲೊ ಓಕರ್ ಅನ್ನುವ ಮಣ್ಣು ಹಳದಿ ಸ್ವಲ್ಪ ಹಣೆಗೆ. ಉತ್ತರದ ಕಿಟಕಿಯಿಂದ ಬೆಳಕು ಬಂದರೆ ಕಪ್ಪು ಚರ್ಮದ ಮೇಲೆ ಹೊಳಪು ಬಿಳಿಯಾಗಿ ಬೀಳುವುದಿಲ್ಲ, ಆಕಾಶದ ತಿಳಿ ನೀಲಿ ಬೀಳುತ್ತದೆ. ನೆರಳು ಕೆಂಪಗೆ ಉರಿಯುತ್ತದೆ. ಮೂಗಿನ ಪಕ್ಕ, ಕಿವಿಯ ಅಂಚು, ಅಲ್ಲೆಲ್ಲ ಒಳಗಿನಿಂದ ಕೆಂಪು ಕಾಣುತ್ತದೆ. ಕಪ್ಪು ಮುಖದಷ್ಟು ಬಣ್ಣ ತುಂಬಿದ್ದು ಇನ್ನೊಂದಿಲ್ಲ. ಇದನ್ನು ಬಿಟ್ಟು ಬೆಳ್ಳಗೆ ಬಳಿಯುವುದು ಯಾಕೆ?

ಏಮಿ ಶೆರಾಲ್ಡ್ ಇನ್ನೊಂದು ದಾರಿ ಹಿಡಿದರು. ಅವರು ಕಪ್ಪು ಜನರ ಚರ್ಮವನ್ನು ಬೂದು ಬಣ್ಣದಲ್ಲೇ ಬರೆಯುತ್ತಾರೆ. ಬಟ್ಟೆ ಹೊಳೆಯುವ ಬಣ್ಣ, ಹಿನ್ನೆಲೆ ಒಂದೇ ಬಣ್ಣ, ಮುಖ ಮಾತ್ರ ಹಳೆ ಕಪ್ಪು ಬಿಳುಪು ಫೋಟೊ ತರಹ. ನೋಡುವವರು ಮೊದಲು ಚರ್ಮದ ಬಣ್ಣ ಅಳೆಯದೆ ಮನುಷ್ಯರನ್ನು ನೋಡಲಿ ಅಂತ. ಮಿಶೆಲ್ ಒಬಾಮಾ ಚಿತ್ರಕ್ಕೆ "ಹೋಲಿಕೆ ಇಲ್ಲ" ಅಂತ ಬೈದವರೂ ಬಹಳ ಜನ. ನನಗೆ ಅವರ ಧೈರ್ಯ ಇಷ್ಟ. ಆದರೆ ನಮ್ಮ ಊರಿನಲ್ಲಿ ಇವತ್ತಿಗೆ ಬೇಕಾದದ್ದು ಕಪ್ಪನ್ನು ಪೂರ್ತಿ ಬಣ್ಣದಲ್ಲಿ ತೋರಿಸುವುದು ಅಂತ ನನ್ನ ಅಭಿಪ್ರಾಯ.

ಅಗ್ರಹಾರದ ಓದುಗ:

ಈ ಬೆಳ್ಳಗೆ ಮಾಡುವ ಅಭ್ಯಾಸಕ್ಕೆ ರವಿವರ್ಮನ ಕ್ಯಾಲೆಂಡರ್ ಮುಖಗಳೂ ಸ್ವಲ್ಪ ಕಾರಣ ಅನ್ನಿಸುತ್ತದೆ. ಲಕ್ಷ್ಮಿ ಅಂದರೆ ಹೀಗೆ, ಸರಸ್ವತಿ ಅಂದರೆ ಹೀಗೆ ಅಂತ ಮನೆಮನೆಯಲ್ಲಿ ಕೂತುಬಿಟ್ಟಿತು. ನಾನು ರವಿವರ್ಮನ ಕೈಚಳಕಕ್ಕೆ ಕೈ ಮುಗಿಯುವವನೇ. ಜಗನ್ಮೋಹನ ಅರಮನೆಯಲ್ಲಿ ಅವರ ಚಿತ್ರಗಳ ಮುಂದೆ ಎಷ್ಟೋ ಹೊತ್ತು ನಿಂತಿದ್ದೇನೆ. ಆದರೆ ಒಂದು ಮುಖ ಎಲ್ಲ ಹೆಂಗಸರ ಅಳತೆಗೋಲು ಆದರೆ ಕಷ್ಟ.

ಬೆಂಗಳೂರಿನ ಪುಷ್ಪಮಾಲಾ ಎನ್. ಇದರ ಮೇಲೆ ದೊಡ್ಡ ಕೆಲಸ ಮಾಡಿದ್ದಾರೆ. 2000ದಿಂದ 2004ರವರೆಗೆ ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರಿ ದಕ್ಷಿಣ ಭಾರತದ ಹೆಂಗಸರು ಅಂತ ಒಂದು ಸರಣಿ. ಅದರಲ್ಲಿ ರವಿವರ್ಮನ ಲಕ್ಷ್ಮಿಯ ಹಾಗೆ ಸೀರೆ, ಒಡವೆ, ತಾವರೆ, ಪರದೆ ಎಲ್ಲ ಸಿದ್ಧಮಾಡಿಕೊಂಡು ತಾವೇ ಹೋಗಿ ನಿಲ್ಲುತ್ತಾರೆ. ಬೆಳದಿಂಗಳಲ್ಲಿ ಕೂತ ಹೆಂಗಸಾಗಿಯೂ ಕೂರುತ್ತಾರೆ. ಆ ಜಾಗದಲ್ಲಿ ನಿಜವಾದ ಒಂದು ಮುಖ ಬಂದ ಕೂಡಲೇ ಕ್ಯಾಲೆಂಡರ್ ಎಷ್ಟು ಕಟ್ಟಿದ್ದು ಅಂತ ಕಾಣಿಸಿಬಿಡುತ್ತದೆ. ಬಣ್ಣ, ಬ್ರಷ್ ಇಲ್ಲದ ಭಾವಚಿತ್ರ ಅದು. ಇವತ್ತಿನ ಕಲಾವಿದರಲ್ಲಿ ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ.

ಹಾಗೇ ಒಂದು ವಿಷಯ ಸ್ಪಷ್ಟ ಮಾಡುತ್ತೇನೆ, ಈ ಗುಂಪಿನಲ್ಲಿ ಆಗಾಗ ತಪ್ಪು ಬರುತ್ತದೆ. ಜಗನ್ಮೋಹನದ "ದೀಪ ಹಿಡಿದ ಹೆಂಗಸು" ರವಿವರ್ಮನದ್ದಲ್ಲ. ಬರೆದವರು ಎಸ್. ಎಲ್. ಹಲ್ದಂಕರ್, ಮಹಾರಾಷ್ಟ್ರದವರು. ಅದು ಆಯಿಲ್ ಅಲ್ಲ, ವಾಟರ್ ಕಲರ್. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಅವರು ನೂರು ವರ್ಷ ದಾಟಿ ಬದುಕಿ 2018ರಲ್ಲಿ ತೀರಿಕೊಂಡರು. ಬೆರಳ ಸಂದಿಯಿಂದ ಬರುವ ಆ ಕೆಂಪು ಬೆಳಕು ನೋಡಿದರೆ ಗೊತ್ತಾಗುತ್ತದೆ, ಮನೆಯ ಹುಡುಗಿಯನ್ನು ನಿಲ್ಲಿಸಿ ನೋಡಿದವರ ಕಣ್ಣು ಅದು ಅಂತ.

ಪಾಂಡವಪುರದ ಮೊಮ್ಮಗಳು:

ನಿಮ್ಮೆಲ್ಲರ ಮಾತು ಚಿಕ್ಕಪ್ಪನಿಗೆ ಓದಿ ಹೇಳಿದೆ. "ಒಂದು ಸಲ ಕೂರಲಿ, ನೋಡೋಣ" ಅನ್ನುವಷ್ಟಕ್ಕೆ ಬಂದಿದ್ದಾರೆ. ಡಬ್ಬಿ ಸರ್, ಹಚ್ಚೆ ಬರೆಯುವುದು ಕಷ್ಟವಾ? ಅಜ್ಜಿಯದು ಈಗ ಮಸುಕಾಗಿದೆ, ಹಸಿರೋ ನೀಲಿಯೋ ಗೊತ್ತಾಗುವುದಿಲ್ಲ.

ಬಣ್ಣದ ಡಬ್ಬಿ:

ಕಷ್ಟವಲ್ಲ, ತಾಳ್ಮೆ ಬೇಕು. ಹಚ್ಚೆ ಚರ್ಮದ ಮೇಲಿರುವುದಿಲ್ಲ, ಒಳಗಿರುತ್ತದೆ. ಹಾಕಿದ ಮಸಿ ಕಪ್ಪೇ ಆದರೂ ಚರ್ಮದ ಪದರ ದಾಟಿ ಕಾಣುವಾಗ ನೀಲಿ ಹಸಿರಾಗಿ ಕಾಣುತ್ತದೆ. ಮುಖ ಎಲ್ಲ ಬರೆದು ಒಣಗಿದ ಮೇಲೆ ಹಸಿರು ಗೆರೆ ಎಳೆದರೆ ಅದು ಬಿಂದಿ ಅಂಟಿಸಿದ ಹಾಗೆ ಮೇಲೆ ಕೂರುತ್ತದೆ. ಹಣೆಯ ಬಣ್ಣ ಇನ್ನೂ ಹಸಿಯಾಗಿರುವಾಗಲೇ ತೆಳು ಬೂದು ನೀಲಿಯನ್ನು ಅದರೊಳಗೆ ಬಿಟ್ಟು, ಅಂಚನ್ನು ಒಣ ಬ್ರಷ್‌ನಿಂದ ಮೆತ್ತಗೆ ಒರೆಸಬೇಕು. ಚುಕ್ಕಿ ಎಷ್ಟು, ಗೆರೆ ಯಾವ ಕಡೆ, ಇದನ್ನು ಮೊದಲೇ ಬೇರೆ ಹಾಳೆಯಲ್ಲಿ ಅಜ್ಜಿಯ ಎದುರೇ ಬರೆದುಕೊಳ್ಳಲಿ. ಹಚ್ಚೆ ಯಾರು ಹಾಕಿದರು, ಏನು ಹಾಡು ಹೇಳಿದರು ಅಂತ ಕೇಳಿದರೆ ಅಜ್ಜಿ ಒಂದು ಗಂಟೆ ಕೂರುತ್ತಾರೆ, ನೋಡಿ.

ಅಗ್ರಹಾರದ ಓದುಗ:

ಚರ್ಮದ ಗುರುತಿನ ಮಾತಿಗೆ ಒಂದು ಮೈಸೂರಿನ ಕಥೆ ಇದೆ. 1805ರಲ್ಲಿ ಥಾಮಸ್ ಹಿಕ್ಕಿ ಅನ್ನುವ ಐರಿಷ್ ಕಲಾವಿದ ಬರೆದ ಮೂವರು ರಾಜಮನೆತನದ ಹೆಂಗಸರ ಚಿತ್ರ. ಬಹಳ ವರ್ಷ ಜನ ಇವರನ್ನು ಯಾರೋ ನರ್ತಕಿಯರು ಅಂತ ಅಂದುಕೊಂಡಿದ್ದರು. ನೈಜಲ್ ಚಾನ್ಸಲರ್ ಅನ್ನುವ ಇತಿಹಾಸಕಾರರ ವಾದ ಏನೆಂದರೆ, ಇವರು ಮುಮ್ಮಡಿ ಕೃಷ್ಣರಾಜ ಒಡೆಯರ ಮನೆಯವರು, ಆಗಿನ್ನೂ ಹೊಸದಾಗಿದ್ದ ಸಿಡುಬಿನ ಲಸಿಕೆಯನ್ನು ಜನ ನಂಬಲಿ ಅಂತ ಬರೆಸಿದ ಚಿತ್ರ. ಬಲಗಡೆಯವರು ಸೀರೆ ಸರಿಸಿ ಲಸಿಕೆ ಹಾಕಿಸಿಕೊಂಡ ತೋಳು ತೋರುತ್ತಿದ್ದಾರೆ. ಎಡಗಡೆಯವರ ಮೂಗು, ಬಾಯಿಯ ಸುತ್ತ ಬಣ್ಣ ಸ್ವಲ್ಪ ಬೇರೆ. ಹಳೆ ಪದ್ಧತಿಯಲ್ಲಿ ಸಿಡುಬಿನ ಹೊಪ್ಪಳೆಯ ಪುಡಿಯನ್ನು ಮೂಗಿಗೆ ಊದುತ್ತಿದ್ದರು, ಅದರ ಗುರುತು ಅದು ಅಂತ ಅವರ ವಾದ. ಆ ಗುರುತನ್ನು ಹಿಕ್ಕಿ ಅಂದೇ ಒರೆಸಿದ್ದರೆ ಇವತ್ತು ಈ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ.

ಬೆಳವಾಡಿ ಬಸ್ ಸ್ಟಾಪ್:

ಎಚ್ಚರಿಕೆ ಮಾತು ಒಂದು. ನಾವು ಒಂದು ಅಂಗಡಿಯಲ್ಲಿ "ಹ್ಯಾಂಡ್ ಪೇಂಟೆಡ್" ಅಂತ ದುಡ್ಡು ಕೊಟ್ಟು ಮಾಡಿಸಿದೆವು. ಬಂದದ್ದು ಕ್ಯಾನ್ವಾಸ್ ಮೇಲೆ ಪ್ರಿಂಟ್, ಅದರ ಮೇಲೆ ಪಾರದರ್ಶಕ ಜೆಲ್ ಬ್ರಷ್‌ನಿಂದ ಎಳೆದದ್ದು. ಮುಟ್ಟಿದರೆ ಉಬ್ಬು ಸಿಗುತ್ತದೆ, ಆದ್ದರಿಂದ ಮೋಸ ಗೊತ್ತಾಗುವುದಿಲ್ಲ. ಭೂತಗನ್ನಡಿ ಹಿಡಿದರೆ ಸಣ್ಣ ಸಣ್ಣ ಚುಕ್ಕೆ ಕಾಣುತ್ತವೆ. ಬ್ರಷ್ ಗೆರೆ ಒಂದು ಕಡೆ ಹೋದರೆ ಬಣ್ಣ ಇನ್ನೊಂದು ಕಡೆ ಹೋಗಿರುತ್ತದೆ.

ಒಂಟಿಕೊಪ್ಪಲು ಹುಡುಗ:

ನಾನು ಡಿಜಿಟಲ್‌ನಲ್ಲಿ ಬರೆಯುವವನು, ಟ್ಯಾಬ್ಲೆಟ್ ಮೇಲೆ. ಅದೂ ಕೈಯಿಂದ ಬರೆಯುವುದೇ. ಡಿಜಿಟಲ್ ಅಂತ ಹೇಳಿ ಮಾರಿದರೆ ತಪ್ಪಿಲ್ಲ, ಆಯಿಲ್ ಅಂತ ಹೇಳಿ ಮಾರುವುದು ಮೋಸ. ಈಗ ಎಐನಲ್ಲಿ ಫೋಟೊ ಹಾಕಿದರೆ ನಿಮಿಷದಲ್ಲಿ ಆಯಿಲ್ ತರಹ ಮಾಡಿಕೊಡುತ್ತದೆ. ನನ್ನ ಅಜ್ಜಿಯ ಫೋಟೊ ಹಾಕಿ ನೋಡಿದೆ. ಹಲ್ಲಿಲ್ಲದ ಬಾಯಿಗೆ ಹಲ್ಲು ಕೊಟ್ಟಿತು, ಸುಕ್ಕು ಕಡಿಮೆ ಮಾಡಿತು. ಕೋಟು ಹಾಕಿಸಿದ ಸ್ಟುಡಿಯೋದ ಬುದ್ಧಿಯೇ ಅದಕ್ಕೂ ಇದೆ. ಡಬ್ಬಿ ಸರ್ ಮಾತು ಈಗ ಒಪ್ಪುತ್ತೇನೆ. ನಮ್ಮಜ್ಜಿಯನ್ನೂ ಟ್ಯಾಬ್ಲೆಟ್ ಹಿಡಿದು ಎದುರಿಗೆ ಕೂರಿಸಿ ಬರೆಯಬೇಕು ಅಂತಿದ್ದೇನೆ.

ಮಂಡ್ಯದ ಡ್ರಾಯಿಂಗ್ ಮೇಷ್ಟ್ರು:

ಬರೀ ಮಗನೆ, ಒಳ್ಳೆದಾಗಲಿ. ಹಲ್ಲಿಲ್ಲದ ಬಾಯಿ ಬರೆಯುವಾಗ ತುಟಿ ಒಳಗೆ ಹೋಗಿ ಗಲ್ಲ ಮುಂದೆ ಬಂದಿರುತ್ತದೆ. ಮೂಗಿನಿಂದ ಗಲ್ಲಕ್ಕೆ ಅಂತರ ಕಡಿಮೆ ಆಗಿರುತ್ತದೆ. ಮೊದಲು ಆ ಅಂತರ ಪೆನ್ಸಿಲ್ ಹಿಡಿದು ಅಳೆ. ಹುಡುಗರ ಮುಖದ ಅಳತೆ ಇಟ್ಟುಕೊಂಡು ಸುಕ್ಕು ಎಳೆದರೆ ಅಜ್ಜಿ ಆಗುವುದಿಲ್ಲ.

ಪಾಂಡವಪುರದ ಮೊಮ್ಮಗಳು:

ಅಜ್ಜಿಯನ್ನೇ ಕೇಳಿದೆ. "ಸುಮ್ನೆ ಕೂರೋಕೆ ನನ್ನ ಕೈಲಾಗಲ್ಲ, ಅವರೆಕಾಯಿ ಸುಲೀತಾ ಕೂರ್ತೀನಿ, ಬರೆಯೋರು ಬರ್ಕೊಳ್ಳಲಿ" ಅಂದರು. ಕನ್ನಡಕ ತೆಗೆಯಲ್ವಂತೆ. ಕೂರಿಸಿ ಬರೆಯುವ ಕಲಾವಿದರಿಗೇ ಹೇಳಿದ್ದೇವೆ, ಅವರು ಹಳ್ಳಿಗೇ ಬರುತ್ತಾರೆ. ಅವರಿಗೆ ಏನೇನು ಅನುಕೂಲ ಮಾಡಿಕೊಡಬೇಕು? ಚಿತ್ರ ಬಂದಮೇಲೆ ದೇವರ ಕೋಣೆ ಗೋಡೆಗೆ ಹಾಕಬಹುದಾ?

ಬಣ್ಣದ ಡಬ್ಬಿ:

ಅವರೆಕಾಯಿ ಬಹಳ ಒಳ್ಳೆಯದು, ಕೈ ತಾನಾಗಿ ಬರುತ್ತದೆ. ಜಗುಲಿ ಉತ್ತರಕ್ಕಿದ್ದರೆ ಅಲ್ಲಿ, ಇಲ್ಲದಿದ್ದರೆ ನೇರ ಬಿಸಿಲು ಬೀಳದ ಬಾಗಿಲ ಹತ್ತಿರ. ಬೆನ್ನಿಗೆ ಒರಗು ಇರುವ ಕುರ್ಚಿ ಕೊಡಿ. ಕುರ್ಚಿಯ ಕಾಲು ಇಟ್ಟ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಮರುದಿನ ಅಲ್ಲೇ ಬರಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡಲಿ. ಎಲ್ಲ ದಿನವೂ ಒಂದೇ ಸೀರೆ. ಹೊಸ ಸೀರೆ ಉಡಿಸಬೇಡಿ, ಮಡಿಕೆ ಒರಟಾಗಿ ನಿಲ್ಲುತ್ತದೆ. ಮಕ್ಕಳು ಕಲಾವಿದರ ಹಿಂದೆ ನಿಂತು "ಮೂಗು ಹಂಗಿಲ್ಲ" ಅನ್ನುವುದು ಮೊದಲ ದಿನ ಬೇಡ, ಮೂರನೇ ದಿನ ಹೇಳಲಿ.

ಕನ್ನಡಕ ಇರಲಿ. ಕಣ್ಣು ಪೂರ್ತಿ ಬರೆದು ಆಮೇಲೆ ಫ್ರೇಮ್ ಬರೆಯುತ್ತಾರೆ. ಗಾಜಿನಲ್ಲಿ ಬಾಗಿಲಿನ ಹೊಳಪು ಒಂದು ಕಡೆ ಸಣ್ಣದಾಗಿ ಬಂದರೆ ಸಾಕು. ತಲೆಯ ಗಾತ್ರ ನಿಜವಾದ ಗಾತ್ರಕ್ಕಿಂತ ಸ್ವಲ್ಪ ಚಿಕ್ಕದಿರಲಿ ಅಂತ ಹೇಳಿ, ಗೋಡೆಯ ಮೇಲೆ ಅದು ಸರಿಯಾಗಿ ಕಾಣುತ್ತದೆ.

ದೇವರ ಕೋಣೆ ಬೇಡ. ದೀಪ, ಊದುಬತ್ತಿ ಹೊಗೆಗೆ ಮಸಿ ಹಿಡಿಯುತ್ತದೆ. ನಡುಮನೆಯ ಒಳಗೋಡೆಗೆ ಹಾಕಿ. ಮಳೆ ಹೊಡೆಯುವ ಹೊರಗೋಡೆಯೇ ಆದರೆ ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಕಾರ್ಕ್ ತುಂಡು ಅಂಟಿಸಿ, ಗಾಳಿ ಆಡಲಿ. ಆಯಿಲ್‌ಗೆ ಮುಂದೆ ಗಾಜು ಬೇಕಿಲ್ಲ. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಒಳಗೆ ಹಸಿ ಇರುತ್ತದೆ, ಆರು ತಿಂಗಳಿಂದ ಒಂದು ವರ್ಷ ಬಿಟ್ಟು ವಾರ್ನಿಷ್ ಮಾಡಿಸಿ. ಅದಕ್ಕೆ ಬೇರೆ ದುಡ್ಡಾ, ಮೊದಲೇ ಹೇಳಿದ್ದರಲ್ಲಿ ಸೇರಿದೆಯಾ ಅಂತ ಈಗಲೇ ಕೇಳಿ ಬರೆಸಿಕೊಳ್ಳಿ.